ಒಥೆಲೋನ ಕರವಸ್ತ್ರ ಎಲ್ಲಿಂದ ಬಂತು?

2006ರ 'ಓಂಕಾರ' ಸಿನಿಮಾ ನೋಡಿದ್ದೀರಾ? ಅದರಲ್ಲಿ ಅನುಮಾನಕ್ಕೆ ಸಾಕ್ಷಿಯಾಗೋದು ಒಂದು ಸೊಂಟದ ಡಾಬು. ಶೇಕ್ಸ್‌ಪಿಯರ್‌ನ 'ಒಥೆಲೋ'ದಲ್ಲಿ ಅದೇ ಕೆಲಸ ಮಾಡೋದು ಕರವಸ್ತ್ರ. ಅದೂ ಅವನ ಸ್ವಂತದ್ದಲ್ಲ! 1565ರಲ್ಲಿ ಇಟಲಿಯ ಚಿಂತಿಯೊ ಪ್ರಕಟಿಸಿದ ಕಥೆಯೊಂದರಿಂದ ಎತ್ತಿಕೊಂಡದ್ದು.

ಆ ಕಥೆಯಲ್ಲಿ ಹೆಸರಿರೋದು ಡಿಸ್ಡೆಮೋನಾಗೆ ಮಾತ್ರ. ಗಂಡ ಬರೀ 'ಮೂರ್', ಖಳನಾಯಕ ಬರೀ ಧ್ವಜಧಾರಿ. ಈ ಧ್ವಜಧಾರಿ ಅವಳ ಮೇಲೆ ಆಸೆಪಟ್ಟ, ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಆಸೆ ಹಗೆಯಾಯಿತು. ಅವಳು ಅವನ ಮೂರು ವರ್ಷದ ಮಗಳನ್ನು ಎತ್ತಿ ಮುದ್ದಾಡುತ್ತಿರುವಾಗಲೇ ಅವಳ ಸೊಂಟದಿಂದ ಕರವಸ್ತ್ರ ಕದ್ದ. ನನಗೆ ಇಡೀ ಕಥೆಯಲ್ಲಿ ತೀರಾ ಹೊಟ್ಟೆ ತೊಳಸೋ ಜಾಗ ಇದು. ಕೊನೆಗೆ ಗಂಡನೂ ಅವನೂ ಸೇರಿ, ಮರಳು ತುಂಬಿದ ಕಾಲುಚೀಲದಿಂದ ಅವಳನ್ನು ಹೊಡೆದು ಕೊಂದು, ಅಪಘಾತ ಅನ್ನಿಸಲಿ ಅಂತ ಚಾವಣಿ ಕೆಡವುತ್ತಾರೆ.

ಶೇಕ್ಸ್‌ಪಿಯರ್ ಮರಳು, ಚಾವಣಿ ಎಲ್ಲಾ ಬಿಟ್ಟ. ಯುದ್ಧ ತಂದ. 1570-71ರಲ್ಲಿ ಆಟೋಮನ್ನರು ವೆನಿಸ್‌ನಿಂದ ಸೈಪ್ರಸ್ ಕಿತ್ತುಕೊಂಡಿದ್ದರಲ್ಲ, ಅದರ ನೆರಳು ನಾಟಕದಲ್ಲಿದೆ. ಆದರೆ ಇಲ್ಲಿ ತುರ್ಕಿ ನೌಕಾಪಡೆ ಬಿರುಗಾಳಿಗೇ ಚೂರಾಗುತ್ತೆ. ಹೊರಗಿನ ಶತ್ರು ಇಲ್ಲ, ಸೇನಾಪತಿಗೆ ಕೆಲಸವಿಲ್ಲ. ಕಿವಿಯಲ್ಲಿ ಊದೋಕೆ ಇಯಾಗೋಗೆ ಇದಕ್ಕಿಂತ ಒಳ್ಳೆ ಸಮಯ ಬೇಕಾ?

ಇಯಾಗೋಗೆ ಏನು ಉರಿ? ಬಡ್ತಿ ಕ್ಯಾಸಿಯೊ ಪಾಲಾಯಿತು ಅಂತಾನೆ. ಒಥೆಲೋ ನನ್ನ ಹೆಂಡತಿ ಜೊತೆ ಮಲಗಿದ್ದಾನಂತೆ ಅಂತಾನೆ. ಮುಂದೆ ಕ್ಯಾಸಿಯೊ ಮೇಲೂ ಅದೇ ಗುಮಾನಿ. ಒಂದಕ್ಕೂ ಪುರಾವೆ ಇಲ್ಲ. ಬೇರೆಯವರಿಗೆ ಕುಡಿಸೋ ವಿಷವನ್ನು ಅವನೂ ಕುಡಿದಿದ್ದಾನೆ ಅನ್ನಿಸುತ್ತೆ.

1604ರ ನವೆಂಬರ್ 1ರಂದು ಲಂಡನ್‌ನ ವೈಟ್‌ಹಾಲ್ ಅರಮನೆಯಲ್ಲಿ ಈ ನಾಟಕ ಆಡಿದ ದಾಖಲೆ ಇದೆ.

ಇನ್ನೊಂದು ಬದಲಾವಣೆ ಹೇಳಲೇಬೇಕು. ಚಿಂತಿಯೊ ಕಥೆಯಲ್ಲಿ ಧ್ವಜಧಾರಿಯ ಹೆಂಡತಿಗೆ ಎಲ್ಲಾ ಗೊತ್ತು. ಗಂಡನ ಭಯಕ್ಕೆ ಬಾಯಿ ಬಿಡಲ್ಲ, ಅವನು ಸತ್ತ ಮೇಲಷ್ಟೇ ಹೇಳ್ತಾಳೆ. ಬದುಕಿ ಉಳೀತಾಳೆ. ಶೇಕ್ಸ್‌ಪಿಯರ್‌ನ ಎಮಿಲಿಯಾಗೆ ಮೊದಲು ಏನೂ ತಿಳಿಯದು. ಸಿಕ್ಕ ಕರವಸ್ತ್ರವನ್ನು ಗಂಡನಿಗೆ ಕೊಟ್ಟವಳು ತಾನೇ ಅನ್ನೋದು ಬಿಟ್ಟರೆ. ಗೊತ್ತಾದ ಕ್ಷಣ, ಗಂಡ ಕತ್ತಿ ಹಿರಿದು ನಿಂತಿದ್ದರೂ, ಎಲ್ಲರೆದುರು ಅದನ್ನು ಹೇಳಿಬಿಡ್ತಾಳೆ. ಅವನು ಅಲ್ಲೇ ಇರೀತಾನೆ.