ಸಾಕ್ಷ್ಯ ಯಾರ ಮುಂದೆ? ಚೀನಾ ಮತ್ತು ಕೊಡಗಿನ ಕ್ರೈಸ್ತ ದಾಖಲೆಗಳು

ಚೀನಾದಲ್ಲಿ ಸರಕಾರಿ ಮನ್ನಣೆಯಿಲ್ಲದೆ ಮನೆಗಳಲ್ಲಿ ಕೂಡುವ ಕ್ರೈಸ್ತ ಸಭೆಗಳನ್ನು ಕುರಿತು, ದೇಶ ತೊರೆದ ಚೀನೀ ಕ್ರೈಸ್ತರು 2003ರಲ್ಲಿ ‘ದಿ ಕ್ರಾಸ್’ ಎಂಬ ನಾಲ್ಕು ಭಾಗಗಳ ಸಾಕ್ಷ್ಯಚಿತ್ರವನ್ನು ಹೊರತಂದರು. ಅದರಲ್ಲಿ ವಿಶ್ವಾಸಿಗಳೇ ತಮ್ಮ ಮತಾಂತರವನ್ನೂ ಸೆರೆವಾಸವನ್ನೂ ನಿರೂಪಿಸುತ್ತಾರೆ. ವಿಶ್ವಾಸದ ಕಥನದ ಮೂಲಕ ಸಮಾಜದ ಚರಿತ್ರೆಯನ್ನು ಹೇಳುವ ಈ ಕ್ರಮ ಕನ್ನಡ ಸಂಶೋಧಕರಿಗೆ ಅಪರಿಚಿತವಾದುದಲ್ಲ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1847ರಲ್ಲಿ ಹಾಂಗ್‌ಕಾಂಗಿಗೂ ಬಂದರು. ‘ಮಂಗಳೂರ ಸಮಾಚಾರ’ದ ಸ್ಥಾಪಕರಾದ ಹೆರ್ಮನ್ ಮೋಗ್ಲಿಂಗರು 1855ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಕೊಡಗಿನ ವೃತ್ತಾಂತವನ್ನೂ ಅಲ್ಲಿಯ ಮಿಶನ್ನಿನ ವೃತ್ತಾಂತವನ್ನೂ ಒಟ್ಟಿಗೆ ಹೆಣೆದರು. ಅದಕ್ಕೆ ಒಂದು ವರ್ಷ ಮೊದಲು, ಹಾಂಗ್‌ಕಾಂಗಿನಲ್ಲಿದ್ದ ಥಿಯೊಡೋರ್ ಹಾಂಬರ್ಗರು ತೈಪಿಂಗ್ ಬಂಡಾಯದ ನಾಯಕ ಹೊಂಗ್ ಷಿಯುಚ್ವಾನನ ದರ್ಶನಗಳ ಕಥೆಯನ್ನು ಅವನ ಬಂಧು ಹೊಂಗ್ ರೆನ್‌ಗಾನನಿಂದ ಕೇಳಿ ಪ್ರಕಟಿಸಿದ್ದರು. ಷಿಯುಚ್ವಾನನ ಪೂರ್ವಜೀವನಕ್ಕೆ ಅದು ಇಂದಿಗೂ ಮುಖ್ಯ ಆಕರ.

ಇದೇ ರೆನ್‌ಗಾನನು 1864ರಲ್ಲಿ ಸೆರೆಸಿಕ್ಕಾಗ ಚಿಂಗ್ ಅಧಿಕಾರಿಗಳ ಮುಂದೆಯೂ ಹೇಳಿಕೆ ಕೊಟ್ಟನು. ಮೊದಲ ಬಾರಿ ಕೇಳಿದವರು ಮಿಶನರಿ. ಎರಡನೆಯ ಬಾರಿ ಮರಣದಂಡನೆ ವಿಧಿಸಬಲ್ಲವರು. ಆದ್ದರಿಂದ ಸಾಕ್ಷಿ ಏನು ಹೇಳಿದನೆಂಬುದರಷ್ಟೇ, ಯಾರ ಮುಂದೆ ಹೇಳಿದನೆಂಬುದೂ ಪರಿಶೀಲನೆಗೆ ಅರ್ಹವಾದುದು.

‘ದಿ ಕ್ರಾಸ್’ ಚಿತ್ರದಲ್ಲಿ ಕೇಳುವವರು ವಿದೇಶೀಯರಲ್ಲ, ಸ್ವಭಾಷಿಕರು, ಸಹವಿಶ್ವಾಸಿಗಳು ಕೂಡ. ಈ ನಂಟಿನಿಂದಲೇ ಸೆರೆಯ ನೋವು ಮುಕ್ತವಾಗಿ ಹೊರಬರುತ್ತದೆ. ಆದರೆ ವಿಶ್ವಾಸಕ್ಕೆ ಒಲಿಯದ ನೆರೆಯವನ ಮಾತು ಹೊರಗುಳಿಯುವ ಸಂಭವವೂ ಇದರಲ್ಲೇ ಇದೆ. ಕೊಡಗಿನ ಗ್ರಂಥಕ್ಕೂ ಈ ಮಾತು ಸಲ್ಲುತ್ತದೆ. ಹೈದರಾಬಾದಿನಂತಹ ಹೊರನಾಡಿನಿಂದ ಇಂಥ ಆಕರಗಳನ್ನು ಓದುವವರು ಅವುಗಳನ್ನು ತಿರಸ್ಕರಿಸಬೇಕಾದುದಿಲ್ಲ. ಆ ನೆರೆಯವನನ್ನು ಬೇರೆ ಆಕರಗಳಲ್ಲಿ ಅರಸಬೇಕಾಗಿದೆ.