ವಿಂಡೋಸ್ ಮರುಸ್ಥಾಪನೆ: ಡ್ರೈವರ್ ಎಲ್ಲಿಂದ ಪಡೆಯಬೇಕು?

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮರುಸ್ಥಾಪಿಸಿದ ಬಳಿಕ ಧ್ವನಿ ಕೇಳಿಸದಿರುವುದು, ವೈಫೈ ಕಾಣದಿರುವುದು ಸಾಮಾನ್ಯ. ಬಹಳಷ್ಟು ಸಲ ಯಂತ್ರ ಕೆಟ್ಟಿರುವುದಿಲ್ಲ. ಬಿಡಿಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಇರುವುದಿಲ್ಲ, ಅಷ್ಟೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡ ಕಾರಣ, ವಿಂಡೋಸ್ 11 ಅಳವಡಿಸಿಕೊಳ್ಳುವವರಿಗೂ ಈ ಪ್ರಶ್ನೆ ಎದುರಾಗುತ್ತದೆ.

ಫಾರ್ಮ್ಯಾಟ್‌ಗೆ ಮುನ್ನ
ವೈಫೈ ಡ್ರೈವರ್ ಇಲ್ಲದೆ ಅಂತರ್ಜಾಲವಿಲ್ಲ, ಅಂತರ್ಜಾಲವಿಲ್ಲದೆ ಡ್ರೈವರ್ ಇಲ್ಲ. ಆದ್ದರಿಂದ ವೈಫೈ ಡ್ರೈವರನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು ಕ್ಷೇಮ. ಮರೆತಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಬಳಸಬಹುದು. ಸಿಂಧನೂರು ತಾಲ್ಲೂಕಿನ ಜವಳಗೇರಾದಂತಹ ಊರುಗಳಲ್ಲಿ ಮೊಬೈಲ್ ಡೇಟಾ ಒಂದೇ ಆಸರೆಯಾದವರಿಗೆ ಇದು ಸುಲಭದ ದಾರಿ. ಇಂಟೆಲ್ 11ನೇ ಹಾಗೂ ನಂತರದ ಪೀಳಿಗೆಯ ಕೆಲವು ಯಂತ್ರಗಳಲ್ಲಿ ಸ್ಥಾಪನೆಯ ವೇಳೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಅಂತಹವುಗಳಿಗೆ ತಯಾರಕರ ತಾಣದಲ್ಲಿರುವ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಸಿದ್ಧವಿರಬೇಕು.

ಆಯ್ಕೆಯ ಕ್ರಮ
ಮೊದಲನೆಯದು ವಿಂಡೋಸ್ ಅಪ್‌ಡೇಟ್. ಬಹುತೇಕ ಡ್ರೈವರ್‌ಗಳು ಇಲ್ಲಿಂದಲೇ ತಾವಾಗಿ ಬರುತ್ತವೆ. 'ಐಚ್ಛಿಕ ಅಪ್‌ಡೇಟ್' ವಿಭಾಗವನ್ನೂ ನೋಡಬೇಕು.

ಎರಡನೆಯದು ತಯಾರಕ ಸಂಸ್ಥೆಯ ಅಧಿಕೃತ ತಾಣ. ಎಚ್‌ಪಿ, ಲೆನೊವೊ ಯಂತ್ರಗಳಿಗೆ ಸೀರಿಯಲ್ ಸಂಖ್ಯೆ, ಡೆಲ್ ಯಂತ್ರಕ್ಕೆ ಏಳು ಅಕ್ಷರಾಂಕಗಳ ಸರ್ವಿಸ್ ಟ್ಯಾಗ್ ನೀಡಿದರೆ ಆ ಯಂತ್ರಕ್ಕೆ ಹೊಂದುವ ಕಡತಗಳೇ ದೊರೆಯುತ್ತವೆ. ಈ ಸಂಖ್ಯೆ ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನ ತಳಭಾಗದಲ್ಲಿರುತ್ತದೆ. ಟಚ್‌ಪ್ಯಾಡ್, ವಿಶೇಷ ಕೀಲಿಗಳು, ಬೆರಳಚ್ಚು ಸಾಧನಗಳಿಗೆ ಈ ಮೂಲವೇ ಸೂಕ್ತ.

ಮೂರನೆಯದು ಚಿಪ್ ತಯಾರಕರ ತಾಣ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿರುವ ಸಾಧನದ ಹಾರ್ಡ್‌ವೇರ್ ಐಡಿಯಲ್ಲಿ 'ವಿಇಎನ್' ನಂತರ 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ, 10ಡಿಇ ಇದ್ದರೆ ಎನ್‌ವಿಡಿಯಾ ಎಂದರ್ಥ.

ಎಚ್ಚರಿಕೆ
'ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್' ಎನ್ನುವ ಅಪರಿಚಿತ ತಾಣಗಳಿಂದ ದೂರವಿರುವುದು ಲೇಸು. ಡ್ರೈವರ್‌ಗೆ ಕಂಪ್ಯೂಟರಿನ ಒಳತಿರುಳಿನವರೆಗೂ ಪ್ರವೇಶವಿರುತ್ತದೆ. ಅದರ ಹೆಸರಿನಲ್ಲಿ ಕುತಂತ್ರಾಂಶ ಹೊಕ್ಕರೆ ಬ್ಯಾಂಕ್ ಖಾತೆಯ ಗುಪ್ತಪದವೂ ಸೋರಿಹೋಗಬಹುದು. ಅಧಿಕೃತ ತಾಣಗಳಲ್ಲಿ ಡ್ರೈವರ್ ಉಚಿತ. ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ಹೊಸ ಬಯಾಸ್ ಅಳವಡಿಸುವ ಆತುರವೂ ಬೇಡ. ನಡುವೆ ವಿದ್ಯುತ್ ಕೈಕೊಟ್ಟರೆ ಯಂತ್ರ ಆರಂಭವಾಗದೇ ಹೋಗಬಹುದು.