ಗದ್ದಲದಲ್ಲಿ ಮುಳುಗಿದ ಮಾತು

ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಹೈದರಾಬಾದಿಗೆ ರೈಲು ಓಡತೊಡಗಿದ್ದು 1874ರಲ್ಲಿ. ನಿಜಾಮರ ಕಾಲದಲ್ಲಿ ಶಹಾಬಾದ್, ಚಿಂಚೋಳಿ ಸೇರಿದಂತೆ ನಮ್ಮ ಸೀಮೆಗೆಲ್ಲ ಹೈದರಾಬಾದೇ ರಾಜಧಾನಿ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಕಚೇರಿಯಲ್ಲಿ ಉರ್ದು. ಒಂದು ಸಭೆಯ ಗದ್ದಲ ಈ ನಾಡಿನ ಚರಿತ್ರೆಯ ದಿಕ್ಕನ್ನೇ ಬದಲಿಸಿದ್ದು ಆ ನಗರದಲ್ಲೇ.

1921ರ ನವೆಂಬರ್. ವಿವೇಕವರ್ಧಿನಿ ಸಂಸ್ಥೆಯ ಆವರಣದಲ್ಲಿ ಸಮಾಜ ಸುಧಾರಣಾ ಸಮ್ಮೇಳನ. ಅಧ್ಯಕ್ಷರು ಸ್ತ್ರೀಶಿಕ್ಷಣಕ್ಕಾಗಿ ಬಾಳು ಸವೆಸಿದ ಧೋಂಡೊ ಕೇಶವ ಕರ್ವೆ. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳನ್ನು ಸಭೆ ಆಲಿಸಿತು. ವಕೀಲ ಆಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಬಾಯಿ ತೆರೆದರು. ಕೂಡಲೇ ನಗು, ಕೇಕೆ, ಗೇಲಿ ಎದ್ದವು. ಅವರು ಏನು ಹೇಳಬೇಕೆಂದಿದ್ದರೋ ಅದು ಗದ್ದಲದಲ್ಲಿ ಮುಳುಗಿಹೋಯಿತು.

ಸಭೆ ಸೇರಲು ಸರ್ಕಾರದ ಅನುಮತಿ ಬೇಡಬೇಕಾಗಿದ್ದ ರಾಜ್ಯವದು. ಆದರೆ ಅಂದು ಮಾತನ್ನು ತಡೆದದ್ದು ಪೊಲೀಸರಲ್ಲ. ಸುಧಾರಣೆ ಬಯಸಿ ಬಂದ ವಿದ್ಯಾವಂತರೇ. ಹುಕುಂ ಬಾಯಿ ಮುಚ್ಚಿಸುತ್ತದೆ, ಗದ್ದಲ ಕಿವಿ ಮುಚ್ಚಿಸುತ್ತದೆ. ಹುಕುಂ ಹೊರಡಿಸಿದವನನ್ನು ಹೆಸರು ಹಿಡಿದು ಕೇಳಬಹುದು. ಗದ್ದಲಕ್ಕೆ ಜವಾಬು ಕೊಡುವವರು ಯಾರು?

ಅವಮಾನಗೊಂಡ ತೆಲುಗರು ಆಗಲೇ ಒಂದೆಡೆ ಸೇರಿ ಆಂಧ್ರ ಜನಸಂಘ ಕಟ್ಟಿದರು. ಮಾಡಪಾಟಿ ಹನುಮಂತರಾವ್, ಬೂರ್ಗುಲ ರಾಮಕೃಷ್ಣರಾವ್ ಅದರಲ್ಲಿದ್ದರು. 1930ರಲ್ಲಿ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆ ನಡೆಯಿತು. ಮುಂದೆ ಮರಾಠಿಗರೂ ಕನ್ನಡಿಗರೂ ತಮ್ಮ ತಮ್ಮ ಪರಿಷತ್ತು ಕಟ್ಟಿದರು. ಕನ್ನಡಿಗರ ಮೊದಲ ಅಧಿವೇಶನ 1937ರಲ್ಲಿ ಬೀದರಿನಲ್ಲಿ ಸೇರಿತು. ಭಾಷೆಗಳು ಬೆಳೆದವು, ನಿಜ. ಆದರೆ ಎಲ್ಲರೂ ಕೂಡಿ ಕೇಳುವ ಒಂದು ಚಾವಡಿ ಕೈತಪ್ಪಿತು.

ಇದರಲ್ಲಿ ಯಾವ ಭಾಷೆಯ ತಪ್ಪೂ ಇಲ್ಲ. ಕವಿಗೆ 'ಇರ್ಶಾದ್' ಎಂದು ಮಾತು ಒಪ್ಪಿಸುವ ಮುಷಾಯಿರಾ ಉರ್ದುವಿನದೇ. ಅದೇ ಉರ್ದುವಿನಲ್ಲಿ ರಜಾಕಾರರನ್ನು ಟೀಕಿಸಿದ್ದಕ್ಕೆ 'ಇಮ್ರೋಜ್' ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಕೇಕೆ ಹಾಕಿದವರೆಲ್ಲ ಕೊಲೆಗಾರರಾಗುವುದಿಲ್ಲ. ಆದರೆ ಎದುರಿನವನ ಮಾತು ಕೇಳಲೇಬಾರದು ಎಂಬ ಹಟ ಎರಡರಲ್ಲೂ ಒಂದೇ.

ವಾಡಿಯಿಂದ ಹೊರಟ ಅದೇ ರೈಲು ಸೇಡಂ ತಾಲೂಕಿನ ಮಳಖೇಡದ ಬಳಿ ಹಾಯುತ್ತದೆ. 'ಕವಿರಾಜಮಾರ್ಗ' ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟವದು. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂದು ಆ ಗ್ರಂಥ 9ನೆಯ ಶತಮಾನದಲ್ಲೇ ಹೇಳಿತು. ಒಪ್ಪಬೇಕೆಂದು ಅದು ಕೇಳಲಿಲ್ಲ, ಸೈರಿಸಿ ಎಂದಿತು. ಸೈರಣೆ ಶುರುವಾಗುವುದು ಎದುರಿನವನ ಮಾತು ಮುಗಿಯುವ ತನಕ ಕಾಯುವುದರಿಂದ.